ನಮ್ಮ ನಡುಪಟ್ಟಿ

ರೋಗಗಳಲ್ಲಿಯೂ ಮರ್ಯಾದೆಯ ತಾರತಮ್ಯವುಂಟು. ಸಕ್ಕರೆಯ ಕಾಯಿಲೆಯವರು ಮದುವೆಯ ಪಂಕ್ತಿಯಲ್ಲಿಯೇ ತಮ್ಮ ಕಾಯಿಲೆಯನ್ನು ಸಾರಿ, ಒಬ್ಬಟ್ಟು ಬೇಡವೆಂದು ಹೇಳಿ, ಬಡಿಸುವವರು ಒತ್ತಾಯಿಸಿದರೆಂದು ಅರ್ಧ ಹಾಕಿಸಿಕೊಳ್ಳುತ್ತಾರೆ. ರಕ್ತದೊತ್ತಡವಂತೂ ಮಧ್ಯವಯಸ್ಸಿನ ಭೂಷಣಗಳಲ್ಲೊಂದಾಗಿದೆ. ಹೃದಯದ ಕಾಯಿಲೆಯೆಂದರೆ ಬಂಧುಬಳಗವೆಲ್ಲ ಹಣ್ಣಿನ ಬುಟ್ಟಿಯೊಡನೆ ನೆರೆಯುತ್ತದೆ. ಆದರೆ ತೊಡೆಯ ಸಂದಿನಲ್ಲಿ ನಿಂಬೆಯ ಗಾತ್ರದ ಗಂಟೊಂದು ಕಾಣಿಸಿಕೊಂಡಿತೆನ್ನಿ. ಆ ಮನುಷ್ಯನು ಅದನ್ನು ನೆಂಟರಿಗಿರಲಿ, ಕೈಹಿಡಿದವಳಿಗೂ ಹೇಳದೆ, ಪಂಚೆಯನ್ನು ಸಡಿಲವಾಗಿ ಉಟ್ಟು ಕಾಲಹರಣಮಾಡುತ್ತಾನೆ. ವೈದ್ಯರು ಹರ್ನಿಯಾ ಎನ್ನುವ, ನಮ್ಮ ಹಳ್ಳಿಗಳಲ್ಲಿ ಅಂಡವಾಯುವೆಂದು ಪಿಸುಮಾತಿನಲ್ಲಿ ಹೇಳುವ ವ್ಯಾಧಿಯು ಇಂಥದು. ಅದರ ವಿಷಯವಾಗಿಯೂ, ಅದಕ್ಕೆಂದು ನಡುವಿಗೆ ಕಟ್ಟಿಕೊಳ್ಳುವ ಪಟ್ಟಿಯ ವಿಷಯವಾಗಿಯೂ ನಾಲ್ಕು ಮಾತು ಬರೆಯಲು ನಾವು ಅಧಿಕಾರಿಗಳು. ಏಕೆಂದರೆ ಒಂಬತ್ತು ತಿಂಗಳು ಅದನ್ನು ಕಟ್ಟಿದ್ದೇವೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಇಂಥ ಮಾತೇಕೆ ಎಂದು ಯಾರಾದರೂ ಹುಬ್ಬುಗಂಟಿಕ್ಕಿದರೆ, ಮನೆಮಂದಿಯೆಲ್ಲ ಓದುವರೆಂದೇ ಇಲ್ಲಿ ಬರೆಯುತ್ತಿರುವೆವೆಂದು ಬಿನ್ನವಿಸುತ್ತೇವೆ.

ಮೂವತ್ತನಾಲ್ಕು ವರ್ಷ ಸಂಸ್ಕೃತವನ್ನೂ ಕನ್ನಡವನ್ನೂ ಪಾಠಹೇಳಿ ನಾವು ನಿವೃತ್ತರಾದುದು 2023ನೆಯ ಇಸವಿಯಲ್ಲಿ. ಅದೇ ವರ್ಷದ ಮಳೆಗಾಲದಲ್ಲಿ ಹೃದಯದ ರಕ್ತನಾಳವೊಂದು ಕಟ್ಟಿಕೊಂಡು, ಅದರೊಳಗೆ ಸ್ಟೆಂಟ್ ಎಂಬ ಸಣ್ಣ ಜಾಲರಿಯ ಕೊಳವೆಯನ್ನು ಇಡಿಸಿಕೊಂಡು ಮನೆಗೆ ಬಂದೆವು. ಮಾಗಿಯ ಚಳಿಯಲ್ಲಿ ಕೆಮ್ಮು ಹಿಡಿಯಿತು. ಒಂದು ಬೆಳಿಗ್ಗೆ ಸ್ನಾನಮಾಡುವಾಗ ಬಲತೊಡೆಯ ಸಂದಿನಲ್ಲಿ ಉಬ್ಬು ಕಂಡಿತು. ಮಲಗಿದರೆ ಮಾಯ, ನಿಂತರೆ ಪ್ರತ್ಯಕ್ಷ. ಮೈ ಒರಸಿಕೊಂಡು ಬಂದವರೇ ನಮ್ಮ ಮನೆಯವರಿಗೆ ಹೇಳಿದೆವು. ಹಾಗೆ ಒಡನೆಯೇ ಹೇಳಿದುದಕ್ಕೆ ಒಂದು ಕಾರಣವಿತ್ತು. ಅದನ್ನು ಮುಂದೆ ತಿಳಿಸುತ್ತೇವೆ.

ಶಸ್ತ್ರವೈದ್ಯರು ನಮ್ಮ ಹಳೆಯ ಶಿಷ್ಯರೇ. ನಿಲ್ಲಿಸಿ, ಕೆಮ್ಮಿಸಿ, ಮಲಗಿಸಿ ನೋಡಿ, "ಮೇಷ್ಟ್ರೇ, ಇದಕ್ಕೆ ಮಾತ್ರೆ ಲೇಪ ಯಾವುದೂ ಇಲ್ಲ, ಆಪರೇಷನ್ನೇ ಆಗಬೇಕು. ಆದರೆ ನೀವು ರಕ್ತ ತೆಳುವಾಗೋಕೆ ಎರಡು ಮಾತ್ರೆ ತೊಗೋತಾ ಇದ್ದೀರಿ. ಹೃದಯದ ಡಾಕ್ಟರು ಒಪ್ಪೋವರೆಗೆ ನಾನು ಕೈಹಾಕೋ ಹಾಗಿಲ್ಲ. ಅಲ್ಲೀತನಕ ಬೆಲ್ಟ್ ಕಟ್ಕೊಳ್ಳಿ" ಎಂದರು. ಹೀಗೆ ನಡುಪಟ್ಟಿಯು ನಮ್ಮ ಜೀವನವನ್ನು ಪ್ರವೇಶಿಸಿತು.

ವೈಯಾಕರಣರಿಗೆ ವೃದ್ಧಿಯೆಂಬುದು ಮಂಗಳಪದ. ಪಾಣಿನಿಯು ತನ್ನ ಅಷ್ಟಾಧ್ಯಾಯಿಯನ್ನು ಆ ಪದದಿಂದಲೇ ಆರಂಭಿಸಿದನು. ಅದು ಮಂಗಳಾರ್ಥವೆಂದು ಭಾಷ್ಯಕಾರನು ವಿವರಿಸಿದನು. ಇದನ್ನು ಹುಡುಗರಿಗೆ ಹೇಳಿ ಹೇಳಿ ಮುಪ್ಪಾದ ನಮಗೆ, ವೈದ್ಯಶಾಸ್ತ್ರದ ವೃದ್ಧಿಯು ಅಷ್ಟು ಮಂಗಳವಲ್ಲವೆಂಬುದು ಅನುಭವಕ್ಕೆ ಬಂದಿತು. ಸುಶ್ರುತನು ವೃದ್ಧಿರೋಗಗಳನ್ನು ಏಳಾಗಿ ವಿಂಗಡಿಸಿ, ಏಳನೆಯದನ್ನು ಅಂತ್ರವೃದ್ಧಿಯೆಂದು ಕರೆದಿದ್ದಾನೆ. ಅಂತ್ರವೆಂದರೆ ಕರುಳು. ಭಾರವನ್ನು ಹೊರುವುದು, ತನಗಿಂತ ಬಲಿಷ್ಠನೊಡನೆ ಹೋರಾಡುವುದು, ಮರದಿಂದ ಬೀಳುವುದು ಮೊದಲಾದುವನ್ನು ಕಾರಣಗಳೆಂದು ಎಣಿಸಿ, ಉಬ್ಬನ್ನು ಅದುಮಿದರೆ ಸದ್ದುಮಾಡುತ್ತ ಮೇಲಕ್ಕೆ ಹೋಗುವುದೆಂದೂ ಬಿಟ್ಟರೆ ಮತ್ತೆ ಉಬ್ಬುವುದೆಂದೂ ವರ್ಣಿಸಿದ್ದಾನೆ. ಕಣ್ಣಿನಿಂದ ಕಂಡು, ಕೈಯಿಂದ ಮುಟ್ಟಿ ಬರೆದವನ ಮಾತು ಅದು. ಕರುಳು ಅಂಡಕೋಶಕ್ಕೆ ಇಳಿದ ಮೇಲೆ ಅಸಾಧ್ಯವೆಂದು ಅವನು ಕೈಬಿಟ್ಟನು. ಅವನ ಕಾಲಕ್ಕೆ ಅದು ಸತ್ಯವೇ ಆಗಿತ್ತು.

ಈ ವ್ಯಾಧಿಯ ಸ್ವರೂಪವನ್ನು ಸೈಕಲ್ಲು ತುಳಿದವರಿಗೆ ತಿಳಿಸುವುದು ಸುಲಭ. ಟೈರು ಒಂದೆಡೆ ಸವೆದು ಸೀಳಿದರೆ, ಒಳಗಿನ ಟ್ಯೂಬು ಆ ಸೀಳಿನಿಂದ ಗುಳ್ಳೆಯಾಗಿ ಹೊರಕ್ಕೆ ಇಣಕುತ್ತದೆ. ಹೊಟ್ಟೆಯ ಗೋಡೆಯೇ ಟೈರು. ಕರುಳೂ ಅದರ ಮೇಲಿನ ಕೊಬ್ಬಿನ ಪೊರೆಯೂ ಟ್ಯೂಬು. ಗಂಡುಮಗುವು ಗರ್ಭದಲ್ಲಿರುವಾಗ ಬೀಜಗಳು ಹೊಟ್ಟೆಯೊಳಗಿನಿಂದ ಇಳಿದುಬಂದ ಹಾದಿಯೊಂದು ತೊಡೆಸಂದಿನ ಮೇಲ್ಗಡೆ ಓರೆಯಾಗಿ ಉಳಿದಿರುತ್ತದೆ. ಬೆಳೆದವರಲ್ಲಿ ಅದರ ಉದ್ದ ಸುಮಾರು ನಾಲ್ಕು ಸೆಂಟಿಮೀಟರು. ದೇಹವೆಂಬ ಕೋಟೆಗೆ ಇದು ದಿಡ್ಡಿಬಾಗಿಲು. ಬಹುಕಾಲದ ಕೆಮ್ಮು, ಮಲಬದ್ಧತೆ, ಮೂತ್ರಕ್ಕಾಗಿ ತಿಣುಕುವುದು, ಭಾರ ಎತ್ತುವುದು, ಇವುಗಳಿಂದಲೂ ವಯಸ್ಸಿನಿಂದಲೂ ಆ ಬಾಗಿಲು ಸಡಿಲವಾಗುತ್ತದೆ. ಆಯುಷ್ಯದಲ್ಲಿ ಎಂದಾದರೊಮ್ಮೆ ಈ ತೊಂದರೆಗೆ ಸಿಕ್ಕುವವರು ಗಂಡಸರಲ್ಲಿ ನೂರಕ್ಕೆ ಸುಮಾರು 27, ಹೆಂಗಸರಲ್ಲಿ 3 ಎಂದು ವೈದ್ಯರ ಲೆಕ್ಕ. ನಾಲ್ವರು ಗಂಡಸರಲ್ಲಿ ಒಬ್ಬನಿಗೆ ಬರುವುದನ್ನು ಗುಟ್ಟೆಂದು ಹೇಗೆ ಕರೆಯೋಣ?

ಇನ್ನು ಪಟ್ಟಿಯ ಮಾತು. ಇಂಗ್ಲೀಷಿನಲ್ಲಿ ಇದಕ್ಕೆ ಟ್ರಸ್ ಎಂದು ಹೆಸರು. ಶಾಲೆಯ ಹೆಂಚಿನ ಮಾಡನ್ನು ಹೊತ್ತು ನಿಲ್ಲುವ ಚೌಕಟ್ಟಿಗೂ ಅದೇ ಹೆಸರು. ಎರಡರ ಕೆಲಸವೂ ಆಧಾರ ಕೊಡುವುದೇ. ಹಿಂದಿನವರು ಕಟ್ಟುತ್ತಿದ್ದುದು ತೊಗಲು ಹೊದಿಸಿದ ಉಕ್ಕಿನ ಕಮಾನು; ಅದರ ತುದಿಯಲ್ಲೊಂದು ಗಟ್ಟಿಯಾದ ಮೆತ್ತೆ. ಬೇಸಗೆಯಲ್ಲಿ ಅದನ್ನು ಧರಿಸಿದವರ ಪಾಡನ್ನು ಊಹಿಸಬಹುದು. ನಾವು ಔಷಧದ ಅಂಗಡಿಯಿಂದ ತಂದದ್ದು ಹಗುರವಾದುದು. ಹಿಗ್ಗುವ ಬಟ್ಟೆಯ ಅಗಲವಾದ ನಡುಪಟ್ಟಿ. ಅದರ ಒಳಮೈಗೆ ಬಲಕ್ಕೊಂದು ಎಡಕ್ಕೊಂದು ಮೆತ್ತೆ, ಬೇಡವಾದ ಕಡೆಯದನ್ನು ತೆಗೆದಿಡಬಹುದು. ಮುಂದಿನಿಂದ ತೊಡೆಗಳ ನಡುವೆ ಹಾಯ್ದು ಹಿಂದೆ ಸೇರುವ ಎರಡು ಕಿರುಪಟ್ಟಿಗಳು. ಎಲ್ಲವೂ ವೆಲ್ಕ್ರೋ ಎಂಬ ಅಂಟುಪಟ್ಟಿಯಿಂದ ಕೂಡುತ್ತವೆ, ಬಿಡುತ್ತವೆ. ಆದುದರಿಂದ ಬಿಗಿಯನ್ನೂ ಮೆತ್ತೆಯ ಸ್ಥಾನವನ್ನೂ ಅವರವರ ಮೈಗೆ ಹೊಂದಿಸಿಕೊಳ್ಳಬಹುದು. ಉತ್ತರಣೆಯ ಗಿಡದ ಬದಿಯಲ್ಲಿ ಹಾದವರ ಪಂಚೆಗೆ ಕಾಯಿಗಳು ಹತ್ತಿಕೊಳ್ಳುವುದನ್ನು ಯಾರು ಕಂಡಿಲ್ಲ? ಸ್ವಿಟ್ಜರ್ಲೆಂಡಿನ ಜಾರ್ಜ್ ದ ಮೆಸ್ತ್ರಾಲ್ ಎಂಬಾತನು ತನ್ನ ನಾಯಿಯ ಕೂದಲಿಗೆ ಹತ್ತಿದ ಅಂಥ ಮುಳ್ಳುಕಾಯಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಆ ಕೊಕ್ಕೆಗಳ ಉಪಾಯವನ್ನು ಬಟ್ಟೆಗೆ ತಂದು, 1955ರಲ್ಲಿ ಪೇಟೆಂಟನ್ನು ಪಡೆದನು. ಅದರ ದೋಷವೊಂದೇ: ಸಭೆಯ ಮೌನದಲ್ಲಿ ಸಡಿಲಿಸಹೋದರೆ ಪರ್ರೆಂದು ಸದ್ದಾಗಿ ಅಧ್ಯಕ್ಷರು ತಿರುಗಿ ನೋಡುತ್ತಾರೆ.

ಕಟ್ಟುವುದಕ್ಕೂ ಒಂದು ಶಾಸ್ತ್ರವಿದೆ. ನಮ್ಮ ಶಿಷ್ಯರು ನಮ್ಮನ್ನೇ ವಿದ್ಯಾರ್ಥಿಯನ್ನಾಗಿ ಕುಳ್ಳಿರಿಸಿ ಪಾಠಹೇಳಿದರು. ಪಟ್ಟಿಯ ಅಳತೆಗೆ ಹೊಟ್ಟೆಯ ಸುತ್ತಳತೆಯನ್ನಲ್ಲ, ಪೃಷ್ಠದ ಸುತ್ತಳತೆಯನ್ನು ಹಿಡಿಯಬೇಕು. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುನ್ನವೇ, ಅಂಗಾತ ಮಲಗಿರುವಾಗ, ಉಬ್ಬು ಪೂರ್ತಿಯಾಗಿ ಒಳಗೆ ಹೋಗಿದೆಯೆಂದು ಕೈಯಿಂದ ನೋಡಿಕೊಂಡು, ಬಳಿಕ ಕಟ್ಟಬೇಕು. ಹೊರಗೆ ಬಂದಿರುವ ಉಬ್ಬಿನ ಮೇಲೆ ಎಂದಿಗೂ ಕಟ್ಟಕೂಡದು; ಹಾಗೆ ಮಾಡುವುದೆಂದರೆ ಬಾಗಿಲಲ್ಲಿ ಬೆರಳಿರುವಾಗ ಬಾಗಿಲನ್ನು ಒತ್ತಿದಂತೆ. ಮೆತ್ತೆಯು ಕರುಳು ಹೊರಡುವ ದ್ವಾರದ ಮೇಲೆ ಕೂರಬೇಕು, ಕೆಳಗಿನ ಚೀಲದ ಮೇಲಲ್ಲ. ಎದ್ದು ನಿಂತು ಒಮ್ಮೆ ಕೆಮ್ಮಿ ನೋಡಬೇಕು. ಉಬ್ಬು ಮೆತ್ತೆಯ ಬದಿಯಿಂದ ಜಾರಿ ಬಂದರೆ ಬಿಚ್ಚಿ, ಮಲಗಿ, ಮತ್ತೆ ಕಟ್ಟಬೇಕು. ರಾತ್ರಿ ಬಿಚ್ಚಿಡಬೇಕು, ಚರ್ಮವು ಕೆಂಪಾಗಿದೆಯೋ ಹುಣ್ಣಾಗಿದೆಯೋ ನೋಡಬೇಕು. ಈ ವಿಧಿಗಳನ್ನು ಸಂಧ್ಯಾವಂದನೆಯಂತೆ ದಿನವೂ ಆಚರಿಸಿದುದರಿಂದ, ಕುಕ್ಕರಹಳ್ಳಿ ಕೆರೆಯ ಸುತ್ತ ನಮ್ಮ ಸಂಜೆಯ ನಡಿಗೆ ಆ ಒಂಬತ್ತು ತಿಂಗಳು ನಿಲ್ಲಲಿಲ್ಲ. ಪಟ್ಟಿಯ ಉಪಕಾರವನ್ನು ನಾವು ಮರೆಯತಕ್ಕವರಲ್ಲ.

ಆದರೆ ಉಪಕಾರಿಯ ಮಿತಿಯನ್ನೂ ಅರಿಯಬೇಕು. ಪಟ್ಟಿಯು ತಡೆಯುತ್ತದೆ, ವಾಸಿಮಾಡುವುದಿಲ್ಲ. ಎಷ್ಟು ವರ್ಷ ಕಟ್ಟಿದರೂ ಬೆಳೆದವರ ಹೊಟ್ಟೆಯ ಗೋಡೆಯ ಸೀಳು ಕೂಡಿಕೊಳ್ಳುವುದಿಲ್ಲ. ಶಸ್ತ್ರಚಿಕಿತ್ಸೆಯು ಭಯಂಕರವಾಗಿದ್ದ ಕಾಲದಲ್ಲಿ ಪಟ್ಟಿಯೊಂದೇ ಗತಿಯಾಗಿತ್ತು. ಬಡವರಿಗೆ ಪಟ್ಟಿಗಳನ್ನು ಒದಗಿಸುವುದಕ್ಕೆಂದೇ ಲಂಡನ್ನಿನಲ್ಲಿ 1807ರಲ್ಲಿ ಒಂದು ಸಂಘ ಹುಟ್ಟಿತು. ಇಟಲಿಯ ಪಾದುವಾ ನಗರದ ಎದ್ವಾರ್ದೊ ಬಸ್ಸೀನಿ ಎಂಬ ಶಸ್ತ್ರವೈದ್ಯನು 1880ರ ದಶಕದಲ್ಲಿ ಆ ಗೋಡೆಯನ್ನು ಪದರಪದರವಾಗಿ ಹೊಲಿಯುವ ಕ್ರಮವನ್ನು ಕಂಡುಹಿಡಿದ ಮೇಲೆ ಕಾಲ ಬದಲಾಯಿತು. ಅದಕ್ಕೆ ನೂರು ವರ್ಷಗಳಾದ ಮೇಲೆ ಅಮೆರಿಕೆಯ ಲಿಕ್ಟೆನ್‌ಸ್ಟೈನ್ ಎಂಬಾತನು, ಬಿಗಿದು ಹೊಲಿಯುವ ಬದಲು ಸೀಳಿಗೆ ಪ್ಲಾಸ್ಟಿಕ್ ನೂಲಿನ ಜಾಲರಿಯನ್ನಿಟ್ಟು ತೇಪೆಹಾಕುವುದನ್ನು ರೂಢಿಗೆ ತಂದನು. ಟೈರಿನ ಮೇಲೆ ಬಟ್ಟೆ ಸುತ್ತುವುದು ಪಟ್ಟಿ; ಟೈರಿಗೇ ತೇಪೆ ಕೊಡುವುದು ಶಸ್ತ್ರಚಿಕಿತ್ಸೆ.

ಈಗ, ಮನೆಯವರಿಗೆ ನಾವು ಒಡನೆಯೇ ಹೇಳಿದುದರ ಕಾರಣ. ನಮ್ಮೊಡನೆ ಕೆಲಸಮಾಡುತ್ತಿದ್ದ ಚಿತ್ರಕಲೆಯ ಮೇಷ್ಟರೊಬ್ಬರು ಯಾವ ವೈದ್ಯರಿಗೂ ತೋರಿಸದೆ, ಯಾರಿಗೂ ಹೇಳದೆ, ತಾವೇ ಒಂದು ಪಟ್ಟಿಯನ್ನು ಕೊಂಡು ಏಳು ವರ್ಷ ಕಟ್ಟಿದ್ದರು. ಪಟ್ಟಿ ಸುಖವಾಗಿತ್ತು, ಆ ಸುಖವೇ ಅವರಿಗೆ ಮುಳುವಾಯಿತು. ವರ್ಷವರ್ಷವೂ ಉಬ್ಬು ದೊಡ್ಡದಾದಂತೆ ಪಟ್ಟಿಯನ್ನು ಬಿಗಿಮಾಡುತ್ತ ಬಂದರು. 2019ರ ಆಷಾಢದ ಒಂದು ರಾತ್ರಿ ಉಬ್ಬು ಒಳಗೆ ಹೋಗಲೊಲ್ಲದೆ ಕಲ್ಲಿನಂತೆ ಗಟ್ಟಿಯಾಯಿತು. ಅವರು ಅದರ ಮೇಲೆಯೇ ಪಟ್ಟಿಯನ್ನು ಬಿಗಿದರು. ವಾಂತಿ ಹತ್ತಿತು. ಹೆಂಡತಿಗೆ ಅಜೀರ್ಣವೆಂದರು, ಆ ತಾಯಿ ಓಮದ ಕಷಾಯ ಕಾಸಿಕೊಟ್ಟರು. ಬೆಳಗಾಗುವ ಹೊತ್ತಿಗೆ ಹೊಟ್ಟೆ ಉಬ್ಬರಿಸಿ ಮಾತು ನಿಂತಿತ್ತು. ಆಸ್ಪತ್ರೆಯಲ್ಲಿ ತೆರೆದು ನೋಡಿದರೆ, ಸೀಳಿನಲ್ಲಿ ಸಿಕ್ಕಿದ ಕರುಳು ರಕ್ತಸಂಚಾರವಿಲ್ಲದೆ ಕಪ್ಪಾಗಿತ್ತು. ಗೇಣುದ್ದ ಕತ್ತರಿಸಿ ಜೋಡಿಸಿದರು. ಹದಿನೆಂಟು ದಿನದ ಮೇಲೆ ಮನೆಗೆ ಬಂದರು; ಅವರ ಹೆಂಡತಿಯ ಮಾಂಗಲ್ಯ ಗಟ್ಟಿ.

ನೋಡಹೋದಾಗ ಆಕೆ ನಮ್ಮ ಮನೆಯವರೊಡನೆ ಆಡಿದ ಮಾತು ಈಗಲೂ ಕಿವಿಯಲ್ಲಿದೆ. "ಎಷ್ಟು ವರ್ಷದಿಂದ ಇದೆ ಅಂತ ಡಾಕ್ಟರು ನನ್ನನ್ನ ಕೇಳಿದರು. ನನಗೇನು ಗೊತ್ತು? ಮೂವತ್ತೈದು ವರ್ಷ ಇವರ ಬಟ್ಟೆ ಒಗೆದಿದ್ದೀನಿ ಕಣಮ್ಮ; ಆ ಒಂದು ಪಟ್ಟಿ ಮಾತ್ರ ನನ್ನ ಕೈಗೆ ಕೊಡಲಿಲ್ಲ. ಹಂಡೆ ಹಿಂದೆ ಒಣಗಿಸ್ತಿದ್ದರಂತೆ." ಆಕೆಯ ಕಣ್ಣಿನಲ್ಲಿದ್ದುದು ದುಃಖಕ್ಕಿಂತಲೂ ಹೆಚ್ಚಾಗಿ ಅಪಮಾನ.

ಈ ಬಗೆಯ ಲಜ್ಜೆ ಬಡವರಿಗೂ ಮೇಷ್ಟರುಗಳಿಗೂ ಮೀಸಲಲ್ಲ. ಇಂಗ್ಲೆಂಡಿನ ಎರಡನೆಯ ಜಾರ್ಜ್ ದೊರೆಯ ರಾಣಿ ಕ್ಯಾರೊಲೀನಳಿಗೆ 1724ರಲ್ಲಾದ ಕೊನೆಯ ಹೆರಿಗೆಯಿಂದ ಹೊಕ್ಕುಳಲ್ಲಿ ಹರ್ನಿಯಾ ಉಳಿದಿತ್ತು. ಅದನ್ನು ಆಕೆ ಹದಿಮೂರು ವರ್ಷ ಬಚ್ಚಿಟ್ಟಳು. 1737ರ ನವೆಂಬರಿನಲ್ಲಿ ಕರುಳು ಸಿಕ್ಕಿಕೊಂಡು ನರಳುವಾಗಲೂ ಮೊದಮೊದಲು ವೈದ್ಯರಿಗೆ ಹೇಳಗೊಡಲಿಲ್ಲ. ಆ ವ್ಯಾಧಿಯಿಂದಲೇ ತೀರಿಕೊಂಡಳು. ಅರಮನೆಯಲ್ಲಿ ಎಷ್ಟು ಮಂದಿ ವೈದ್ಯರಿದ್ದರೇನು? ಮಾತು ಬಾಯಿಂದ ಹೊರಡಬೇಕಷ್ಟೆ.

ಹಾಗೆಂದು ಉಬ್ಬು ಕಂಡ ದಿನವೇ ಹೆದರಿ ಓಡಬೇಕಾಗಿಲ್ಲ. ಅಮೆರಿಕೆಯಲ್ಲಿ 720 ಮಂದಿ ಗಂಡಸರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವುಂಟು. ನೋವಿಲ್ಲದ ಅಥವಾ ಅಲ್ಪವಾದ ತೊಂದರೆಯ ಉಬ್ಬುಳ್ಳವರು ವೈದ್ಯರ ಕಣ್ಣಳತೆಯಲ್ಲಿ ಕಾದುನೋಡಿದರೆ, ಕರುಳು ಸಿಕ್ಕಿಕೊಳ್ಳುವ ಗಂಡಾಂತರ ವರ್ಷಕ್ಕೆ ಸಾವಿರಕ್ಕೆ ಎರಡಕ್ಕಿಂತಲೂ ಕಡಿಮೆಯೆಂದು ಅದರಲ್ಲಿ ತಿಳಿದುಬಂತು. ಕಾದವರಲ್ಲಿ ನೂರಕ್ಕೆ 68ರಷ್ಟು ಮಂದಿ ಹತ್ತು ವರ್ಷಗಳೊಳಗೆ ನೋವು ಹೆಚ್ಚಿತೆಂದು ಮುಂತಾಗಿ ಶಸ್ತ್ರಚಿಕಿತ್ಸೆಗೆ ಬಂದರೆಂಬುದೂ ಆಮೇಲೆ ಗೊತ್ತಾಯಿತು. ಆದುದರಿಂದ ಕಾಯುವುದು ತಪ್ಪಲ್ಲ. ವೈದ್ಯರಿಗೆ ತಿಳಿಸಿ ಕಾಯುವುದು ಬೇರೆ, ಬಚ್ಚಿಟ್ಟುಕೊಂಡು ಕಾಯುವುದು ಬೇರೆ. ಒಳಗೆ ಹೋಗುತ್ತಿದ್ದ ಉಬ್ಬು ಹೋಗದೆ ಗಟ್ಟಿಯಾಗಿ ನೋಯತೊಡಗಿದರೆ, ಚರ್ಮ ಕೆಂಪಾದರೆ, ವಾಂತಿಯಾದರೆ, ಮಲವೂ ವಾಯುವೂ ಕಟ್ಟಿದರೆ, ಪಟ್ಟಿಯನ್ನು ಬಿಚ್ಚಿ, ಏನನ್ನೂ ತಿನ್ನದೆ ಕುಡಿಯದೆ, ಆ ಗಳಿಗೆಯೇ ಆಸ್ಪತ್ರೆಗೆ ಹೋಗತಕ್ಕದ್ದು. ಬೆಳಗಾಗಲೆಂದು ಕಾಯಕೂಡದು, ಬಲವಂತವಾಗಿ ಅದುಮಲೂ ಕೂಡದು.

ಗೃಹಿಣಿಯರಿಗೆ ಎರಡು ಮಾತು. ಹೆಂಗಸರಲ್ಲಿ ಈ ವ್ಯಾಧಿ ವಿರಳವಾದರೂ, ತೊಡೆಯ ಬುಡದ ಕಿರಿದಾದ ದ್ವಾರದಲ್ಲಿ ಬರುವ ಬಗೆಯು ಅವರಲ್ಲಿಯೇ ಹೆಚ್ಚು. ಅದು ಬೇಗ ಸಿಕ್ಕಿಕೊಳ್ಳುವಂಥದು, ಪಟ್ಟಿಯನ್ನು ನೆಚ್ಚಿ ಕೂರತಕ್ಕದ್ದಲ್ಲ. ಇನ್ನು ಕೂಸುಗಳ ಹೊಕ್ಕುಳು ಉಬ್ಬಿದರೆ ಅದರ ಮೇಲೆ ನಾಣ್ಯವನ್ನಿಟ್ಟು ಬಟ್ಟೆ ಕಟ್ಟುವ ಪದ್ಧತಿ ನಮ್ಮ ಮನೆಗಳಲ್ಲಿ ಉಂಟು. ಆ ಉಬ್ಬು ಬಹುಪಾಲು ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಯಶಸ್ಸು ಮಾತ್ರ ನಾಣ್ಯಕ್ಕೆ ಸಲ್ಲುತ್ತದೆ, ಮಗುವಿಗೆ ಉಳಿಯುವುದು ಚರ್ಮದ ಹುಣ್ಣು. ಆದರೆ ಮಗುವಿನ ತೊಡೆಸಂದಿನ ಉಬ್ಬು ತಾನಾಗಿ ಮುಚ್ಚುವಂಥದಲ್ಲ. ಅದನ್ನು ಕಂಡೊಡನೆ ವೈದ್ಯರಿಗೆ ತೋರಿಸಬೇಕು.

ಹೃದಯದ ವೈದ್ಯರು ಒಪ್ಪಿಗೆಕೊಟ್ಟ ಮೇಲೆ 2024ರ ಅಕ್ಟೋಬರಿನಲ್ಲಿ ನಮಗೂ ಜಾಲರಿಯ ತೇಪೆ ಬಿತ್ತು. ಹೃದಯದಲ್ಲೊಂದು ಜಾಲರಿ, ಹೊಟ್ಟೆಯಲ್ಲೊಂದು ಜಾಲರಿ; ಮೊಮ್ಮಗನು ನಮ್ಮನ್ನು ಸೊಳ್ಳೆಪರದೆಯ ತಾತನೆಂದು ಕರೆಯುತ್ತಾನೆ. ಮೂರನೆಯ ವಾರಕ್ಕೆ ಕೆರೆಯ ಏರಿಯ ಮೇಲೆ ನಡೆದೆವು. ಪಟ್ಟಿಯ ಕೆಲಸ ಮುಗಿಯಿತು.

ಓದುಗರಲ್ಲಿ ಯಾರಿಗಾದರೂ ಕಾರಣಾಂತರದಿಂದ ಪಟ್ಟಿಯನ್ನು ಕಟ್ಟುವ ಪ್ರಸಂಗ ಬಂದರೆ, ವೈದ್ಯರಿಗೆ ತೋರಿಸಿ, ಅವರಿಂದ ಕಲಿತು, ಧೈರ್ಯವಾಗಿ ಕಟ್ಟಿಕೊಳ್ಳಲಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಒಗೆದ ಮೇಲೆ ಮಾತ್ರ ಅದನ್ನು ಹಿತ್ತಲಿನ ಹಗ್ಗದ ಮೇಲೆ, ಮನೆಯವರ ಸೀರೆಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಒಣಹಾಕಲಿ.