ಮನೆಯ ಮುಂದಿನ ರಸ್ತೆ ಮತ್ತು ಗಂಟೆಗೆ ಮೂವತ್ತು ಕಿಲೋಮೀಟರ್

ನಮ್ಮ ಬಡಾವಣೆಯ ನಿವಾಸಿಗಳ ಸಂಘದಲ್ಲಿ ಕೆಲವು ತಿಂಗಳುಗಳಿಂದ ಒಂದು ಚರ್ಚೆ ಬಿಸಿಯಾಗಿ ನಡೆದಿದೆ. ವಾಹನಗಳ ವೇಗವನ್ನು ಬಡಾವಣೆಯ ಒಳರಸ್ತೆಗಳಲ್ಲಿ ಗಂಟೆಗೆ 30 ಕಿಲೋಮೀಟರಿಗೆ ಮಿತಿಗೊಳಿಸಬೇಕೆಂದು ಸಂಬಂಧಪಟ್ಟವರಿಗೆ ಮನವಿ ಸಲ್ಲಿಸಬೇಕೇ, ಬೇಡವೇ ಎಂಬುದೇ ಆ ಚರ್ಚೆ. ನೀರಿನ ತೆರಿಗೆ, ಬೀದಿನಾಯಿಗಳ ಕಾಟ, ಗಣೇಶೋತ್ಸವದ ಚಂದಾ ಇತ್ಯಾದಿ ವಿಷಯಗಳಿಗೆ ಹತ್ತು ಜನ ಸೇರುವ ಸಭೆಗೆ ಈ ವಿಷಯಕ್ಕಾಗಿ ಐವತ್ತಕ್ಕೂ ಹೆಚ್ಚು ಜನ ಬಂದಿದ್ದರೆಂದರೆ ಅದರ ಬಿಸಿ ಎಷ್ಟೆಂದು ಓದುಗರು ಊಹಿಸಬಹುದು. ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಬೋಧಿಸಿದವನು. ಆದ್ದರಿಂದ "ಮೇಷ್ಟ್ರೇ, ನೀವು ಲೆಕ್ಕ ಮಾಡಿ ಹೇಳಿ" ಎಂಬ ಹೊಣೆ ನನ್ನ ಪಾಲಿಗೆ ಬಂದಿತು. ಆ ಲೆಕ್ಕವನ್ನೂ, ಲೆಕ್ಕಕ್ಕೆ ಸಿಗದ ಕೆಲವು ಸಂಗತಿಗಳನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮೊದಲು ಲೆಕ್ಕ. ಗಂಟೆಗೆ 30 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 8.3 ಮೀಟರ್, 50 ಕಿಲೋಮೀಟರ್ ಎಂದರೆ ಸುಮಾರು 13.9 ಮೀಟರ್. ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದಿತೆನ್ನಿ. ಚಾಲಕನ ಕಣ್ಣು ಅದನ್ನು ಕಂಡು, ಮನಸ್ಸು ಅರಿತು, ಕಾಲು ಬ್ರೇಕನ್ನು ಒತ್ತುವ ಹೊತ್ತಿಗೆ ಒಂದು ಸೆಕೆಂಡಾದರೂ ಕಳೆದಿರುತ್ತದೆ. ಒಣಗಿದ ಒಳ್ಳೆಯ ರಸ್ತೆಯಲ್ಲಿ, ಒಳ್ಳೆಯ ಬ್ರೇಕುಳ್ಳ ಕಾರು 30ರ ವೇಗದಲ್ಲಿದ್ದರೆ ಆ ಒಂದು ಸೆಕೆಂಡಿನ 8 ಮೀಟರ್, ಬ್ರೇಕಿನ 5 ಮೀಟರ್, ಒಟ್ಟು ಸುಮಾರು 13 ಮೀಟರಿನೊಳಗೆ ನಿಂತುಬಿಡುತ್ತದೆ. ಅದೇ ಕಾರು 50ರ ವೇಗದಲ್ಲಿದ್ದರೆ 13 ಮೀಟರ್ ಕ್ರಮಿಸುವವರೆಗೂ ಅದರ ಬ್ರೇಕು ಕೆಲಸವನ್ನೇ ಆರಂಭಿಸಿರುವುದಿಲ್ಲ! ಮೊದಲನೆಯ ಕಾರು ನಿಂತ ಜಾಗವನ್ನು ಎರಡನೆಯ ಕಾರು ಪೂರ್ಣ ವೇಗದಲ್ಲಿ ದಾಟುತ್ತದೆ. ಅದು ನಿಲ್ಲಬೇಕಾದರೆ ಸುಮಾರು 28 ಮೀಟರ್ ಬೇಕು.

ಇನ್ನೊಂದು ಬಗೆಯಲ್ಲಿ ಹೇಳುವುದಾದರೆ, ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬುದನ್ನು ಪ್ರತಿ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. 30ರಿಂದ 50ಕ್ಕೆ ಏರಿದಾಗ ವೇಗ ಎರಡು ಪಟ್ಟೂ ಆಗಿರುವುದಿಲ್ಲ; ಆದರೆ ಶಕ್ತಿ ಸುಮಾರು 2.8 ಪಟ್ಟಾಗುತ್ತದೆ. 30ರ ವೇಗದ ಹೊಡೆತವು ಮೂರೂವರೆ ಮೀಟರ್ ಎತ್ತರದಿಂದ, ಎಂದರೆ ಒಂದು ಮಾಳಿಗೆಯಿಂದ ಬಿದ್ದಂತೆ; 50ರ ಹೊಡೆತವು ಸುಮಾರು ಹತ್ತು ಮೀಟರ್, ಎಂದರೆ ಮೂರನೆಯ ಮಾಳಿಗೆಯಿಂದ ಬಿದ್ದಂತೆ. ಒಂದು ಮಾಳಿಗೆಯಿಂದ ಬಿದ್ದವರು ಕೈಕಾಲು ಮುರಿದುಕೊಂಡು ಮನೆಗೆ ಮರಳುವುದುಂಟು. ಮೂರನೆಯ ಮಾಳಿಗೆಯಿಂದ ಬಿದ್ದವರ ಮಾತನ್ನು ನಾನು ಹೇಳಬೇಕಾಗಿಲ್ಲ.

ಸಭೆಯಲ್ಲಿ ಎದ್ದ ಮೊದಲ ಆಕ್ಷೇಪ ಸಮಯದ್ದು. ನಿವೃತ್ತ ಬ್ಯಾಂಕ್ ಅಧಿಕಾರಿಗಳೊಬ್ಬರು, "ಈಗಾಗಲೇ ಸಿಗ್ನಲ್ಲುಗಳಲ್ಲಿ ಅರ್ಧ ಆಯುಷ್ಯ ಕಳೆಯುತ್ತಿದೆ. ಮನೆ ಮುಂದೆಯೂ ಎತ್ತಿನ ಗಾಡಿಯ ಹಾಗೆ ಹೋಗಬೇಕೇನ್ರೀ?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ನಮ್ಮ ಬಡಾವಣೆಯ ಕೊನೆಯ ಮನೆಯಿಂದ ಮುಖ್ಯರಸ್ತೆಗೆ ಹೆಚ್ಚೆಂದರೆ 500 ಮೀಟರ್. ಅದನ್ನು 50ರ ವೇಗದಲ್ಲಿ ಕ್ರಮಿಸಲು 36 ಸೆಕೆಂಡು, 30ರ ವೇಗದಲ್ಲಿ 60 ಸೆಕೆಂಡು. ವ್ಯತ್ಯಾಸ 24 ಸೆಕೆಂಡು. ಚಪ್ಪಲಿ ಹುಡುಕಲು ನಾವು ಅದಕ್ಕಿಂತ ಹೆಚ್ಚು ಹೊತ್ತು ಕಳೆಯುತ್ತೇವೆ ಎಂದೆ. ಸಭೆ ನಕ್ಕಿತು.

ಆದರೆ ಈ ನಗುವಿಗೆ ಒಂದು ಅಪವಾದವಿದೆ. ನಮ್ಮ ಮನೆಗಳಿಗೆ ಊಟ, ದಿನಸಿ ತಲುಪಿಸುವ ಹುಡುಗರ ಪೈಕಿ ಒಬ್ಬನನ್ನು ಗೇಟಿನ ಬಳಿ ನಿಲ್ಲಿಸಿ ಈ ವಿಷಯ ಕೇಳಿದ್ದೆ. "ನಿಮಗೆ ಇಪ್ಪತ್ನಾಲ್ಕು ಸೆಕೆಂಡು ಸರ್, ನನಗೆ ಅದು ದಿನವಿಡೀ" ಎಂದ. ಲೆಕ್ಕ ಹಾಕಿದೆ. ದಿನಕ್ಕೆ ಇಪ್ಪತ್ತು ಮನೆ, ಹೋಗುವಾಗ ಬರುವಾಗ ಸೇರಿ ನಲವತ್ತು ಸಲ. ಒಟ್ಟು 16 ನಿಮಿಷ. ಅವನ ಪಾಲಿಗೆ ಅದು ಒಂದು ಆರ್ಡರಿನ ಸಂಪಾದನೆ. ವೇಗಮಿತಿಯ ಪರವಾಗಿ ಮಾತನಾಡುವ ನಾವು ಈ ಮಾತನ್ನು ಮುಚ್ಚಿಡಬಾರದು. ಎಷ್ಟು ಹೊತ್ತಿನಲ್ಲಿ ತಲುಪಿಸಬೇಕೆಂದು ನಿಗದಿಪಡಿಸುವವರು ಆ ಹದಿನಾರು ನಿಮಿಷವನ್ನು ಭರಿಸಬೇಕೇ ಹೊರತು ಆ ಹುಡುಗನೂ ಅಲ್ಲ, ರಸ್ತೆ ದಾಟುವ ಅಜ್ಜಿಯೂ ಅಲ್ಲ ಎಂಬುದು ನನ್ನ ಅಭಿಮತ. ಹಾಗೆ ನೋಡಿದರೆ ಅಪಘಾತವಾದಾಗ ಮೊದಲು ನೆಲಕ್ಕೆ ಬೀಳುವವನೂ ಅವನೇ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡ 1,68,491 ಜನರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದಲ್ಲಿದ್ದವರು; 32 ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಒಟ್ಟು ಸಾವುಗಳಲ್ಲಿ ಶೇಕಡಾ 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಕೇಂದ್ರ ಸರ್ಕಾರದ ವರದಿಯಲ್ಲಿ ದಾಖಲಾಗಿದೆ.

ಎರಡನೆಯ ಆಕ್ಷೇಪ, "ಬೋರ್ಡು ಹಾಕಿದರೆ ಯಾರು ಕೇಳುತ್ತಾರೆ?" ಎಂಬುದು. ಇದಕ್ಕೆ ಉತ್ತರ ಹುಡುಕುವಾಗ ಬ್ರಿಟನ್ನಿನ ವೇಲ್ಸ್ ನೆನಪಾಯಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿನ ಕಾರ್ಡಿಫ್ ನಗರದಲ್ಲಿ ನೆಲೆಸಿದ್ದಾನೆ. 2023ರ ಸೆಪ್ಟೆಂಬರ್ 17ರಂದು ವೇಲ್ಸ್ ಸರ್ಕಾರವು ಜನವಸತಿಯ ರಸ್ತೆಗಳ ಸಾಮಾನ್ಯ ವೇಗಮಿತಿಯನ್ನು 30 ಮೈಲಿಯಿಂದ 20 ಮೈಲಿಗೆ, ಎಂದರೆ ನಮ್ಮ ಲೆಕ್ಕದಲ್ಲಿ 48ರಿಂದ 32 ಕಿಲೋಮೀಟರಿಗೆ ಇಳಿಸಿತು. ಜನ ಕೆರಳಿದರು. ಸುಮಾರು 31 ಲಕ್ಷ ಜನಸಂಖ್ಯೆಯ ಆ ನಾಡಿನಲ್ಲಿ, ಆಜ್ಞೆಯನ್ನು ಹಿಂಪಡೆಯಬೇಕೆಂಬ ಅರ್ಜಿಗೆ 4 ಲಕ್ಷ 69 ಸಾವಿರಕ್ಕೂ ಹೆಚ್ಚು ಸಹಿಗಳು ಬಿದ್ದವು. ಪ್ರಯಾಣದ ಸಮಯ ಹೆಚ್ಚುವುದರಿಂದ ಮೂವತ್ತು ವರ್ಷಗಳಲ್ಲಿ ಸುಮಾರು 450 ಕೋಟಿ ಪೌಂಡಿನ ಹೊರೆ ಬೀಳಬಹುದೆಂದು ಸರ್ಕಾರದ ದಾಖಲೆಯೇ ಅಂದಾಜಿಸಿತ್ತು. ವಿರೋಧಿಗಳು ಅದನ್ನೇ ಎತ್ತಿ ತೋರಿಸಿದರು. 2024ರಲ್ಲಿ ಸರ್ಕಾರವು ಮಾರ್ಗಸೂಚಿಯನ್ನು ಪರಿಷ್ಕರಿಸಿ, ಸೂಕ್ತವೆನಿಸಿದ ಕೆಲವು ರಸ್ತೆಗಳನ್ನು ಮತ್ತೆ 30 ಮೈಲಿಗೆ ಏರಿಸುವ ಅವಕಾಶವನ್ನು ಸ್ಥಳೀಯ ಸಂಸ್ಥೆಗಳಿಗೆ ನೀಡಬೇಕಾಯಿತು.

ಆದರೆ ಫಲಿತಾಂಶವೇನು? ಎಲ್ಲರೂ 20ಕ್ಕೆ ಇಳಿಯಲಿಲ್ಲ. ಸರಾಸರಿ ವೇಗ ಇಳಿದದ್ದು ಗಂಟೆಗೆ ಸುಮಾರು ನಾಲ್ಕು ಮೈಲಿ ಮಾತ್ರ. ಅಷ್ಟು ಇಳಿದುದಕ್ಕೇ ಮೊದಲ ವರ್ಷದಲ್ಲಿ ಆ ಬಗೆಯ ರಸ್ತೆಗಳಲ್ಲಿ ಸಾವುನೋವಿಗೆ ಈಡಾದವರ ಸಂಖ್ಯೆ ಸುಮಾರು ಕಾಲು ಪಾಲಿನಷ್ಟು ತಗ್ಗಿತು. ನನ್ನ ವಿದ್ಯಾರ್ಥಿಗೆ ದೂರವಾಣಿ ಮಾಡಿ ಕೇಳಿದಾಗ, "ನನಗೆ ಸಿಟ್ಟು ಇನ್ನೂ ಹೋಗಿಲ್ಲ ಸರ್, ಆದರೆ ಅಭ್ಯಾಸವಾಗಿದೆ. ಮಗಳು ಈಗ ಒಬ್ಬಳೇ ಶಾಲೆಗೆ ನಡೆದು ಹೋಗುತ್ತಾಳೆ" ಎಂದ. ಆ ಎರಡು ಮಾತುಗಳ ನಡುವೆ ಇರುವ ಸಂಬಂಧವನ್ನು ಅವನು ಗಮನಿಸಿದನೋ ಇಲ್ಲವೋ ತಿಳಿಯದು, ನಾನೂ ಕೆದಕಲಿಲ್ಲ.

ಇದು ಹೊಸ ಜಗಳವೇನಲ್ಲ. ಬ್ರಿಟನ್ 1930ರಲ್ಲಿ ಕಾರುಗಳ ವೇಗಮಿತಿಯನ್ನು ಪೂರ್ತಿಯಾಗಿ ತೆಗೆದುಹಾಕಿತ್ತು. 1934ರ ಒಂದೇ ವರ್ಷದಲ್ಲಿ 7,300ಕ್ಕೂ ಹೆಚ್ಚು ಜನ ಅಲ್ಲಿನ ರಸ್ತೆಗಳಲ್ಲಿ ಸತ್ತ ಮೇಲೆ, 1935ರ ಮಾರ್ಚಿಯಲ್ಲಿ ಜನವಸತಿ ಪ್ರದೇಶಗಳಿಗೆ 30 ಮೈಲಿಯ ಮಿತಿಯನ್ನು ಮರಳಿ ತಂದರು. ಆಸ್ಟ್ರಿಯಾದ ಗ್ರಾಜ್ ನಗರ 1992ರಲ್ಲೇ ಒಳರಸ್ತೆಗಳಿಗೆ 30 ಕಿಲೋಮೀಟರಿನ ಮಿತಿ ವಿಧಿಸಿತು. ಅರ್ಧಕ್ಕಿಂತ ಹೆಚ್ಚು ಬೀದಿಗಳಲ್ಲಿ 30ರ ಮಿತಿಯುಳ್ಳ ಹೆಲ್ಸಿಂಕಿ ನಗರದಲ್ಲಿ 2024ರ ಜುಲೈಯಿಂದ 2025ರ ಜುಲೈವರೆಗಿನ ಒಂದು ವರ್ಷ ರಸ್ತೆ ಅಪಘಾತದಿಂದ ಒಬ್ಬರೂ ಸಾಯಲಿಲ್ಲ. ಅಲ್ಲಿ ಕೇವಲ ಫಲಕಗಳಿಂದ ಇದು ಆಗಲಿಲ್ಲ. ಬೀದಿಯ ವಿನ್ಯಾಸ, ಕ್ಯಾಮೆರಾ, ಉತ್ತಮ ಸಾರ್ವಜನಿಕ ಸಾರಿಗೆ ಎಲ್ಲವೂ ಜೊತೆಗೂಡಿದವು ಎಂಬುದನ್ನು ಮರೆಯಬಾರದು. ಜನರೂ ವಾಹನಗಳೂ ಬೆರೆಯುವ ಕಡೆ 30 ಕಿಲೋಮೀಟರೇ ಗರಿಷ್ಠವಾಗಿರಲಿ ಎಂದು 2020ರ ಫೆಬ್ರುವರಿಯಲ್ಲಿ ಸ್ಟಾಕ್‌ಹೋಮ್ ಘೋಷಣೆಯೂ ಹೇಳಿತು.

ಮೂರನೆಯ ವಾದ ನಮ್ಮ ದೇಶದ್ದೇ ಆದ ವಾದ. "ಮಿತಿ ಗಿತಿ ಏನೂ ಬೇಡ, ನಾಲ್ಕು ಹಂಪ್ ಹಾಕಿಸಿಬಿಡಿ" ಎಂದರು ಹಲವರು. ಹಂಪ್‌ಗಳಿಗೆ ನನ್ನ ವಿರೋಧವಿಲ್ಲ. ಆದರೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 1988ರ ಮಾರ್ಗಸೂಚಿಯ ಪ್ರಕಾರ ಹಂಪ್ ಎಂದರೆ 3.7 ಮೀಟರ್ ಅಗಲವಾಗಿ, 10 ಸೆಂಟಿಮೀಟರ್ ಎತ್ತರವಾಗಿ, ದುಂಡಗೆ ಏರಿ ಇಳಿಯುವಂಥದ್ದು. 25 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ತೊಂದರೆಯಾಗದಂಥದ್ದು. ನಮ್ಮಲ್ಲಿ ರಾತ್ರೋರಾತ್ರಿ ಸಿಮೆಂಟು ಸುರಿದು ಮಾಡುವುದು ಹಂಪ್ ಅಲ್ಲ, ಗೋಡೆ. ಬಣ್ಣವಿಲ್ಲ, ಸೂಚನಾಫಲಕವಿಲ್ಲ. ಮೂರನೆಯ ಅಡ್ಡರಸ್ತೆಯ ಅಂಥ ಒಂದು ಗೋಡೆಯ ಮೇಲೆ ಸ್ಕೂಟರು ಎಗರಿ, ಹಿಂದೆ ಕುಳಿತಿದ್ದ ನನ್ನ ಶ್ರೀಮತಿಯವರ ಸೊಂಟ ಎರಡು ತಿಂಗಳು ನೋಯಿತು. ವೇಗವಾಗಿ ಹೋಗುವವನನ್ನು ಶಿಕ್ಷಿಸಲು ಹೊರಟು ನಿಧಾನವಾಗಿ ಹೋಗುವವರನ್ನೂ ಆಂಬುಲೆನ್ಸಿನ ರೋಗಿಯನ್ನೂ ಶಿಕ್ಷಿಸುವ ಪದ್ಧತಿ ಇದು.

ಕಾನೂನಿನಲ್ಲಿ ದಾರಿ ಇದೆ. 1988ರ ಮೋಟಾರು ವಾಹನ ಕಾಯ್ದೆಯ 112ನೆಯ ಪ್ರಕರಣದ ಪ್ರಕಾರ, ಸಾರ್ವಜನಿಕ ಸುರಕ್ಷತೆಗಾಗಿ ಯಾವುದೇ ಪ್ರದೇಶಕ್ಕೆ ಅಥವಾ ರಸ್ತೆಗೆ ಕಡಿಮೆ ವೇಗಮಿತಿಯನ್ನು ಅಧಿಸೂಚನೆಯ ಮೂಲಕ ನಿಗದಿಪಡಿಸಲು ರಾಜ್ಯ ಸರ್ಕಾರಕ್ಕೆ ಅಥವಾ ಅದು ಅಧಿಕಾರ ಕೊಟ್ಟವರಿಗೆ ಅವಕಾಶವಿದೆ. 2018ರ ಏಪ್ರಿಲ್ ತಿಂಗಳ ಕೇಂದ್ರದ ಅಧಿಸೂಚನೆಯು ನಗರ ವ್ಯಾಪ್ತಿಯ ರಸ್ತೆಗಳಲ್ಲಿ ಕಾರುಗಳಿಗೆ 70 ಕಿಲೋಮೀಟರನ್ನು ಗರಿಷ್ಠವೆಂದು ನಿಗದಿಪಡಿಸಿತ್ತು. ಮಕ್ಕಳು ಕ್ರಿಕೆಟ್ ಆಡುವ ಅಡ್ಡರಸ್ತೆಯ ವೇಗವನ್ನು ದೆಹಲಿಯಲ್ಲಿ ಕುಳಿತು ನಿರ್ಧರಿಸಲಾಗದು. ಅದನ್ನು ಇಲ್ಲಿಯೇ ನಿರ್ಧರಿಸಬೇಕು. ನಾವೇ ಬಣ್ಣದಲ್ಲಿ ಬರೆದು ಮರಕ್ಕೆ ಹೊಡೆದ "ನಿಧಾನವಾಗಿ ಚಲಿಸಿ" ಎಂಬ ಹಲಗೆಗೆ ಕಾನೂನಿನ ಬಲವಿಲ್ಲ. ಅಧಿಸೂಚನೆ ಬೇಕು, ಅದಕ್ಕೆ ತಕ್ಕ ಫಲಕ ಬೇಕು, ಸರಿಯಾದ ಅಳತೆಯ ಹಂಪ್ ಬೇಕು. ಮೂರೂ ಸೇರಿದರೆ ಮಾತ್ರ ಫಲ.

ಇಷ್ಟು ಲೆಕ್ಕದ ಮಾತಾಯಿತು. ಲೆಕ್ಕಕ್ಕೆ ಸಿಗದ ಸಂಗತಿಯನ್ನು ಸಭೆಯಲ್ಲಿ ಹೇಳಲು ಮನಸ್ಸಾಗಲಿಲ್ಲ, ಇಲ್ಲಿ ಹೇಳುತ್ತೇನೆ. 1996ರಲ್ಲಿ ನಾನು ಒಂದು ತಾಲ್ಲೂಕು ಕೇಂದ್ರದ ಪ್ರೌಢಶಾಲೆಯಲ್ಲಿದ್ದೆ. ಎಂಟನೆಯ ತರಗತಿಯ ನನ್ನ ವಿದ್ಯಾರ್ಥಿಯೊಬ್ಬ ಸಂಜೆ ಶಾಲೆ ಬಿಟ್ಟ ಮೇಲೆ, ಮನೆಗಳ ಸಾಲಿನ ನಡುವಣ ರಸ್ತೆ ದಾಟುವಾಗ ಜೀಪಿಗೆ ಸಿಕ್ಕಿ ತೀರಿಕೊಂಡ. ಚಾಲಕ ಕುಡಿದಿರಲಿಲ್ಲ, ಕೆಟ್ಟ ಮನುಷ್ಯನೂ ಆಗಿರಲಿಲ್ಲ. ಹುಡುಗನನ್ನು ಕಂಡ ಕೂಡಲೇ ಬ್ರೇಕು ಒತ್ತಿದ್ದ. ಟೈರಿನ ಕಪ್ಪು ಗುರುತು ರಸ್ತೆಯ ಮೇಲೆ ಬಹಳ ದಿನ ಉಳಿದಿತ್ತು. ಹುಡುಗ ಬಿದ್ದ ಜಾಗಕ್ಕೆ ಎರಡೇ ಹೆಜ್ಜೆ ಮೊದಲು ಅದು ಆರಂಭವಾಗಿ, ಆ ಜಾಗವನ್ನು ದಾಟಿ ಮುಂದಕ್ಕೆ ಹೋಗಿತ್ತು. ದಿನವೂ ಅದೇ ದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದ ನನಗೆ ಆ ಗುರುತು ಏನು ಹೇಳುತ್ತಿದೆಯೆಂದು ಓದಲು ಬರುತ್ತಿತ್ತು. ಭೌತಶಾಸ್ತ್ರ ತಿಳಿದಿರುವುದು ಒಮ್ಮೊಮ್ಮೆ ಭಾರವೆನಿಸುತ್ತದೆ.

ಹಾಜರಿ ಪುಸ್ತಕದಲ್ಲಿ ಶಾಲೆ ಬಿಟ್ಟು ಹೋದವರ ಹೆಸರಿಗೆ ಕೆಂಪು ಶಾಯಿಯ ಗೆರೆ ಎಳೆದು, ಮುಂದೆ "ಟಿ.ಸಿ." ಎಂದು ಬರೆಯುವುದು ವಾಡಿಕೆ. ಅವನ ಹೆಸರಿನ ಮುಂದೆ ಏನು ಬರೆಯಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಿಧನ ಎಂದು ಬರೆಯಿರಿ" ಎಂದರು. ಆ ವರ್ಷ ಪೂರ್ತಿ ಹಾಜರಿ ಕೂಗುವಾಗ, ಅವನ ಹಿಂದಿನ ಹೆಸರಿಗೂ ಮುಂದಿನ ಹೆಸರಿಗೂ ನಡುವೆ ಇಡೀ ತರಗತಿ ಒಂದು ಕ್ಷಣ ತಡೆದು ಉಸಿರಾಡುತ್ತಿತ್ತು.

ವೇಗವಾಗಿ ಹೋಗುವವರು ಹೊರಗಿನವರು, ಯಾರೋ ಪುಂಡರು ಎಂಬ ಮಾತು ಸಭೆಯಲ್ಲಿ ಪದೇ ಪದೇ ಬಂದಿತು. ನಮ್ಮ ಮನೆಯ ಮುಂದೆ ಎರಡು ವಿದ್ಯುತ್ ಕಂಬಗಳ ನಡುವೆ 30 ಮೀಟರ್ ದೂರವಿದೆ. ಶಾಲೆಯ ಕ್ರೀಡಾಕೂಟಗಳಿಗೆಂದು ಕೊಂಡಿದ್ದ ನನ್ನ ಹಳೆಯ ಸ್ಟಾಪ್‌ವಾಚು ಹಿಡಿದು ಒಂದು ಬೆಳಿಗ್ಗೆ ಜಗಲಿಯ ಮೇಲೆ ಕುಳಿತೆ. 30ರ ವೇಗದವರಿಗೆ ಆ ದೂರಕ್ಕೆ 3.6 ಸೆಕೆಂಡು ಬೇಕು. ಹೆಚ್ಚಿನವರು ಅದಕ್ಕೂ ಮೊದಲೇ ದಾಟಿದರು. ಅವರಲ್ಲಿ ಅನೇಕರು ನನಗೆ ಕೈಬೀಸಿ "ನಮಸ್ಕಾರ ಮೇಷ್ಟ್ರೇ" ಎಂದೂ ಹೇಳಿದರು! ಮಕ್ಕಳನ್ನು ಶಾಲೆಗೆ ಬಿಡಲು ತಡವಾದ ತಂದೆತಾಯಂದಿರು, ಕಚೇರಿಗೆ ಹೊರಟ ನೆರೆಯವರು. ಪುಂಡರನ್ನು ಹುಡುಕಲು ಹೋದವನಿಗೆ ಸಿಕ್ಕವರು ಬಂಧುಮಿತ್ರರು. ಈ ಸಂಗತಿಯನ್ನು ಸಭೆಗೆ ತಿಳಿಸಿದಾಗ ಮಾತ್ರ ಯಾರೂ ನಗಲಿಲ್ಲ.

ಕೊನೆಗೆ ಮನವಿಗೆ ಬಹುಮತ ದೊರೆಯಿತು. ಬ್ಯಾಂಕ್ ಅಧಿಕಾರಿಗಳೂ ಸಹಿ ಹಾಕಿದರು. ಆದರೆ ಸಹಿಯ ಕೆಳಗೆ "ಮೂರನೆಯ ಅಡ್ಡರಸ್ತೆಯ ಗೋಡೆಯನ್ನು ತೆಗೆಯುವ ಷರತ್ತಿಗೆ ಒಳಪಟ್ಟು" ಎಂದು ದುಂಡಗಿನ ಅಕ್ಷರದಲ್ಲಿ ಬರೆದರು. ನಾನೂ, ನನ್ನ ಶ್ರೀಮತಿಯವರೂ ಆ ಷರತ್ತಿಗೆ ಅನುಮೋದನೆ ನೀಡಿದೆವು. ಮನವಿ ತಲುಪಿದೆ, ಉತ್ತರ ಇನ್ನೂ ಬಂದಿಲ್ಲ. ಅಧಿಸೂಚನೆ ಬರುವವರೆಗೆ ಕಾಯಬೇಕಾದ ಕೆಲಸ ಕಡತದ್ದು. ನಮ್ಮ ನಮ್ಮ ಗೇಟಿನಿಂದ ಮುಖ್ಯರಸ್ತೆಯವರೆಗಿನ ಆ 24 ಸೆಕೆಂಡುಗಳನ್ನು ಬಿಟ್ಟುಕೊಡಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಓದುಗರು ತಮ್ಮ ಊರಿನ, ತಮ್ಮ ಬೀದಿಯ ಅನುಭವವನ್ನು ತಿಳಿಸಿದರೆ ಸಂತೋಷಪಡುತ್ತೇನೆ.