ತಪ್ಪು ತಾನಾಗಿಯೇ ಬಂದು ಹೇಳಲಿ

ಬೈದು ಹೋದ ಗಿರಾಕಿ ನಾಳೆ ಮತ್ತೆ ಬರುತ್ತಾನೆ, ಸುಮ್ಮನೆ ಹೋದವನು ಬರುವುದಿಲ್ಲ ಎಂದು ನನ್ನ ಉಪ್ಪ ಹೇಳುತ್ತಿದ್ದರು. ಊರಿನಲ್ಲಿ ಅವರದು ಜೀನಸಿನ ಅಂಗಡಿ. ಅಕ್ಕಿಯಲ್ಲಿ ಹುಳ ಕಂಡರೆ ಯಾರೋ ಒಬ್ಬರು ಬಂದು ಜಗಳ ಮಾಡುತ್ತಾರೆ. ಉಳಿದವರು ಏನೂ ಹೇಳದೆ ಮುಂದಿನ ತಿಂಗಳಿನಿಂದ ಬೇರೆ ಅಂಗಡಿಗೆ ಹೋಗುತ್ತಾರೆ. ಆದ್ದರಿಂದ ದೂರು ಬರಲಿಲ್ಲ ಎಂದರೆ ಎಲ್ಲವೂ ಸರಿ ಇದೆ ಎಂದು ಅರ್ಥವಲ್ಲ. ಈಗ ನಮ್ಮ ಎಷ್ಟೋ ಮನೆಗಳ ಅಂಗಡಿ, ಟ್ರಾವೆಲ್ಸ್, ಗೋದಾಮುಗಳಿಗೆ ಸ್ವಂತ ವೆಬ್ ಸಾಫ್ಟ್‌ವೇರ್ ಇದೆ. ಉಪ್ಪನ ಆ ಮಾತು ಅದಕ್ಕೂ ಸಲ್ಲುತ್ತದೆ.

ನಾನು ಅಂಗಡಿಯಲ್ಲಿ ಕೂರಲಿಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೊಸೂರಿಗೆ ಬಂದೆ. ಬೆಂಗಳೂರಿನಿಂದ ಅತ್ತಿಬೆಲೆ ದಾಟಿದರೆ ಸಿಗುವ ತಮಿಳುನಾಡಿನ ಊರು ಇದು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಟೈಟಾನ್ ಕಾರ್ಖಾನೆಗಳಿಂದ ಇದರ ಹೆಸರು ಎಲ್ಲರಿಗೂ ಗೊತ್ತು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಘಟಕಗಳೂ ಇಲ್ಲಿ ತುಂಬಾ ಇವೆ. ಅಂಥ ಒಂದರಲ್ಲಿ ನನಗೆ ಕ್ವಾಲಿಟಿ ವಿಭಾಗದ ಕೆಲಸ. ಶಿಫ್ಟಿನ ನಂತರ ಪೈಥಾನ್ ಕಲಿತಿದ್ದೆ. ಹಾಗಾಗಿ, ಹೊರಗಿನವರು ಯಾರೋ ಮಾಡಿಕೊಟ್ಟು ಹೋಗಿದ್ದ ಸ್ಟೋರ್ ಸಾಫ್ಟ್‌ವೇರನ್ನು ನೋಡಿಕೊಳ್ಳುವ ಕೆಲಸವೂ ನನ್ನ ತಲೆಗೆ ಬಂತು. ಅದು ಜ್ಯಾಂಗೊ ಎಂಬ ಚೌಕಟ್ಟಿನಲ್ಲಿ ಬರೆದದ್ದು. ಅಮೆರಿಕದ ಕಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ 2003ರಲ್ಲಿ ಹುಟ್ಟಿದ ಜ್ಯಾಂಗೊ, 2005ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು.

ನಮ್ಮ ಸ್ಟೋರಿನಲ್ಲಿ ರಾತ್ರಿ ಪಾಳಿಗೆ ಡೆಂಕಣಿಕೋಟೆ ಕಡೆಯ ಒಬ್ಬ ಹುಡುಗ ಇದ್ದ, ಕಾಂಟ್ರಾಕ್ಟ್ ಮೇಲೆ. ಒಂದೇ ತಿಂಗಳಲ್ಲಿ ಮೂರು ಲೋಡಿನ ಲೆಕ್ಕ ಕಂಪ್ಯೂಟರಿನಲ್ಲಿ ಇರಲಿಲ್ಲ. ಹುಡುಗ ನಿದ್ದೆ ಮಾಡುತ್ತಾನೆ, ಎಂಟ್ರಿ ಹಾಕುವುದಿಲ್ಲ ಎಂದು ಸೂಪರ್‌ವೈಸರ್ ಬರೆದುಕೊಟ್ಟರು. ಇನ್ನೊಂದು ಸಲ ಹೀಗಾದರೆ ಅವನನ್ನು ಕಳಿಸಿಬಿಡುವುದು ಎಂದು ತೀರ್ಮಾನವೂ ಆಯಿತು. "ನಾನು ಹಾಕಿದ್ದೆ ಅಣ್ಣಾ, ಅದೇ ಹೋಗಲಿಲ್ಲ. ಬರೀ ಬಿಳಿ ಪುಟ ಬಂತು" ಎಂದ ಅವನು. ಪುಟದಲ್ಲಿ ಏನು ಬರೆದಿತ್ತು ಎಂದರೆ, "ಏನೋ ಇಂಗ್ಲಿಷ್, ಐನೂರು ಅಂತ ಇತ್ತು" ಎಂದ.

ಐನೂರು ಅಂದದ್ದೇ ನನಗೆ ಸಾಕಾಯಿತು. ಒಳಗೆ ಪ್ರೋಗ್ರಾಂ ಮುರಿದಾಗ ಜ್ಯಾಂಗೊ ತೋರಿಸುವುದು 'ಸರ್ವರ್ ಎರರ್ 500' ಎಂಬ ಒಂದೇ ಸಾಲು. ಅದು ಸರಿಯೇ, ಒಳಗಿನ ಗುಟ್ಟು ಹೊರಗಿನವರಿಗೆ ಕಾಣಬಾರದು. ಆದರೆ ಕಾರಣ ಯಾರಿಗಾದರೂ ತಿಳಿಯಬೇಕಲ್ಲ? ಅದಕ್ಕೆ ಸೆಟ್ಟಿಂಗ್ಸ್ ಕಡತದಲ್ಲಿ 'ಅಡ್ಮಿನ್ಸ್' ಎಂಬ ಪಟ್ಟಿ ಇದೆ. 'ಡಿಬಗ್' ಆಫ್ ಆಗಿದ್ದಾಗ ಹೀಗೆ ಮುರಿದರೆ, ಆ ಪಟ್ಟಿಯಲ್ಲಿರುವವರಿಗೆ ಜ್ಯಾಂಗೊ ತಾನೇ ಇಮೇಲ್ ಕಳಿಸುತ್ತದೆ. ಯಾವ ಪುಟ, ಯಾವ ಕಡತದ ಎಷ್ಟನೇ ಸಾಲು, ಫಾರಂನಲ್ಲಿ ಏನು ತುಂಬಿದ್ದರು ಎಂಬುದೆಲ್ಲ ಅದರಲ್ಲಿರುತ್ತದೆ. ನಮ್ಮಲ್ಲಿ ಆ ಪಟ್ಟಿ ಖಾಲಿ ಇತ್ತು. ಖಾಲಿ ಇದ್ದರೆ ಯಾರಿಗೂ ಏನೂ ಹೋಗುವುದಿಲ್ಲ.

ನಾನು ಎರಡು ವಿಳಾಸ ಹಾಕಿದೆ. ನಾನೊಬ್ಬನೇ ಇದ್ದರೆ ಪೆರ್ನಾಲ್‌ಗೆ ಊರಿಗೆ ಹೋದಾಗ ನೋಡುವವರಿಲ್ಲ. ಮೇಲ್ ಕಳಿಸುವ ಸರ್ವರಿನ ಹೆಸರು, ಬಳಕೆದಾರ, ಪಾಸ್‌ವರ್ಡ್ ಕೊಟ್ಟೆ. 'ಸರ್ವರ್ ಇಮೇಲ್' ಎಂಬ ಇನ್ನೊಂದು ಸಾಲು ಇದೆ, ಕಳಿಸುವವರ ವಿಳಾಸ ಅದು. ಮೊದಲಿನಿಂದ ಅಲ್ಲಿರುವುದು 'ರೂಟ್ ಅಟ್ ಲೋಕಲ್‌ಹೋಸ್ಟ್'. ಹಾಗೇ ಬಿಟ್ಟರೆ ಎಷ್ಟೋ ಮೇಲ್ ಸೇವೆಗಳು ಪತ್ರವನ್ನು ಒಳಗೇ ಬಿಡುವುದಿಲ್ಲ. ಅದನ್ನು ಬದಲಿಸಿ, ಬೇಕೆಂದೇ ಮುರಿಯುವ ಒಂದು ಪುಟ ಮಾಡಿ ತೆರೆದೆ. ಇಮೇಲ್ ಬಂತು. ಆ ಪುಟವನ್ನು ಅಳಿಸಿದೆ.

ಎರಡು ವಾರದ ನಂತರ ರಾತ್ರಿ ಪಾಳಿಯಲ್ಲಿ ನಿಜವಾದ ಇಮೇಲ್ ಬಂತು. ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ಮುರಿದಿತ್ತು. ಬಂದ ಲಾರಿಯನ್ನು ಪರೀಕ್ಷೆಯನ್ನೇ ಮಾಡದೆ ಹಾಗೇ ವಾಪಸು ಕಳಿಸಿದರೆ, ಪರೀಕ್ಷಿಸಿದ ತುಂಡುಗಳ ಸಂಖ್ಯೆ ಸೊನ್ನೆ. ತಿರಸ್ಕೃತ ಮಾಲಿನ ಶೇಕಡಾ ಲೆಕ್ಕ ಹಾಕಲು ಪ್ರೋಗ್ರಾಂ ಆ ಸೊನ್ನೆಯಿಂದಲೇ ಭಾಗಿಸುತ್ತಿತ್ತು. ಅಂಥ ಲಾರಿಗಳು ವಾಪಸು ಹೋಗುತ್ತಿದ್ದದ್ದು ರಾತ್ರಿಯೇ. ಹುಡುಗ ತುಂಬಿದ ಲೋಡ್ ನಂಬರ್, ಸಮಯ ಎಲ್ಲ ಇಮೇಲಿನಲ್ಲಿತ್ತು. ಅದನ್ನು ಪ್ರಿಂಟ್ ತೆಗೆದು ಸೂಪರ್‌ವೈಸರ್ ಮುಂದೆ ಇಟ್ಟೆ. ಅವರು ಓದಿ, ಬರೆದುಕೊಟ್ಟಿದ್ದ ಕಾಗದ ವಾಪಸು ತೆಗೆದುಕೊಂಡರು. ಪ್ರೋಗ್ರಾಂ ಸರಿಮಾಡಲು ಎರಡೇ ಸಾಲು ಸಾಕಾಯಿತು.

ಮೆಕ್ಯಾನಿಕಲ್ ಓದಿದವರಿಗೆ ಇದು ಹೊಸ ವಿಚಾರವಲ್ಲ. ಜಪಾನಿನ ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಮಗ್ಗದಲ್ಲಿ ನೂಲು ಕಡಿದರೆ ಮಗ್ಗ ತಾನೇ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಗಜಗಟ್ಟಲೆ ನೇಯ್ದ ಮೇಲೆ ನೇಕಾರನನ್ನು ಬೈಯುವ ಅಗತ್ಯ ಬರಲಿಲ್ಲ. ಮುಂದೆ ಟೊಯೊಟಾ ಕಾರಿನ ಕಾರ್ಖಾನೆಗಳೂ ಇದೇ ತತ್ವ ಹಿಡಿದವು. ದೋಷವನ್ನು ಯಂತ್ರವೇ ಹೇಳಿದರೆ ಕೆಳಗಿನವನ ತಲೆಗೆ ಅದು ಬರುವುದಿಲ್ಲ.

ಎರಡು ಎಚ್ಚರಿಕೆ ಹೇಳಬೇಕು. ಡೇಟಾಬೇಸ್ ನಿಂತುಹೋದರೆ ಯಾರು ಯಾವ ಪುಟ ತೆರೆದರೂ ಒಂದೊಂದು ಇಮೇಲ್ ಬರುತ್ತದೆ. ರಾಶಿ ಬಿದ್ದರೆ ಯಾರೂ ಓದುವುದಿಲ್ಲ. ಬಳಕೆ ದೊಡ್ಡದಿದ್ದರೆ ಸೆಂಟ್ರಿಯಂಥದ್ದು ಒಳ್ಳೆಯದು, ಒಂದೇ ಬಗೆಯ ದೋಷಗಳನ್ನು ಅದು ಒಟ್ಟು ಸೇರಿಸಿ ತೋರಿಸುತ್ತದೆ. ಅದೂ 2008ರಲ್ಲಿ ಜ್ಯಾಂಗೊಗೆ ಜೋಡಿಸುವ ಸಣ್ಣ ತುಣುಕಾಗಿಯೇ ಶುರುವಾದದ್ದು. ಎರಡನೆಯದು, ಗಿರಾಕಿ ಫಾರಂನಲ್ಲಿ ಬರೆದದ್ದು ಇಮೇಲಿನಲ್ಲಿ ಬರಬಹುದು. ಪಾಸ್‌ವರ್ಡ್, ಕಾರ್ಡ್ ನಂಬರ್‌ನಂಥವನ್ನು ನಕ್ಷತ್ರ ಹಾಕಿ ಮುಚ್ಚುವ ವ್ಯವಸ್ಥೆ ಜ್ಯಾಂಗೊದಲ್ಲಿದೆ. ಆದರೆ ಯಾವುದನ್ನು ಮುಚ್ಚಬೇಕು ಎಂದು ನಾವೇ ಬರೆದು ತಿಳಿಸಬೇಕು. ಗಿರಾಕಿಯ ಲೆಕ್ಕ ಅಮಾನತ್ತು, ಬೇರೆಯವರ ಕಣ್ಣಿಗೆ ಬೀಳಬಾರದು.

ನಿಮ್ಮ ಅಂಗಡಿಯಲ್ಲಿ ಇಂಥ ಸಾಫ್ಟ್‌ವೇರ್ ಇದ್ದರೆ, ಮಾಡಿಕೊಟ್ಟವರ ಹತ್ತಿರ ಮೂರು ಮಾತು ಕೇಳಿ. ಇದು ಮುರಿದರೆ ಯಾರಿಗೆ ತಿಳಿಯುತ್ತದೆ? ಅವರು ರಜೆಯಲ್ಲಿದ್ದರೆ ಇನ್ಯಾರಿಗೆ? ಆ ಮೇಲ್ ಬರುತ್ತದೆ ಎಂದು ಕೊನೆಯ ಸಲ ಪರೀಕ್ಷಿಸಿದ್ದು ಯಾವಾಗ? ಉತ್ತರ ಸಿಗುವವರೆಗೆ ಕೌಂಟರಿನ ಹುಡುಗನನ್ನು ಬೈಯಬೇಡಿ.