ಅಮಾವಾಸ್ಯೆಯ ರಾತ್ರಿ ಅಪೋಫಿಸ್

ಇನ್ನೂ ಬಾರದ ರಾತ್ರಿಯೊಂದಕ್ಕೆ ಬನ್ನಿ. 2029ರ ಏಪ್ರಿಲ್ 13, ಶುಕ್ರವಾರ, ಅಮಾವಾಸ್ಯೆ. ತೆಲಂಗಾಣದ ತಾಂಡೂರಿನ ಒಂದು ಮಾಳಿಗೆಯ ಮೇಲೆ ನಿಂತಿದ್ದೀರಿ. ಕಾಲಡಿಯ ಪರಸಿ ಹಗಲಿನ ಕಾವನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ನಾಳೆ ಅಂಬೇಡ್ಕರ್ ಜಯಂತಿ. ಬೀದಿಯಲ್ಲಿ ನೀಲಿ ಪತಾಕೆ ಕಟ್ಟುವವರ ಕನ್ನಡ, ತೆಲುಗು, ಉರ್ದು ಒಂದರೊಳಗೊಂದು ಬೆರೆತು ಮೇಲೇರಿ ಬರುತ್ತಿದೆ. ಊರ ದೀಪಗಳಿಗೆ ಬೆನ್ನು ಮಾಡಿ ದಕ್ಷಿಣಕ್ಕೆ ನೋಡಿ.

ಮೊದಮೊದಲು ದುರ್ಬೀನು ಬೇಕು. ನಡುರಾತ್ರಿ ದಾಟಿದ ಮೇಲೆ ಬರಿಗಣ್ಣಿಗೂ ಸಿಗುತ್ತದೆ: ಮಂಕು ಚುಕ್ಕಿ, ಮಿನುಗುದೀಪವಿಲ್ಲ, ಸದ್ದಿಲ್ಲ. ಅಕ್ಕಪಕ್ಕದ ನಕ್ಷತ್ರಗಳನ್ನು ಹಿಂದೆ ಹಾಕುತ್ತ ಪಡುವಣಕ್ಕೆ ಜಾರುತ್ತಿದೆ. ಅದೇ ಅಪೋಫಿಸ್ ಎಂಬ ಕ್ಷುದ್ರಗ್ರಹ, ಸುಮಾರು 450 ಮೀಟರ್ ಉದ್ದದ ಕಲ್ಲು.

"ಅದು ನಮ್ಮ ಮ್ಯಾಲ ಬೀಳ್ತದೇನಪಾ?" ಚಾಪೆಯ ಮೇಲಿಂದ ಆಯಿ ಕೇಳುತ್ತಾಳೆ.

"ಇಲ್ಲ ಆಯೀ, ಹಾದ ಹೋಗ್ತದ."

ಮೊಮ್ಮಗ ಇಷ್ಟು ಸಲೀಸಾಗಿ ಹೇಳುವಂತಾಗಲು ಹದಿನೇಳು ವರ್ಷ ಹಿಡಿಯಿತು. 2004ರ ಜೂನ್‌ನಲ್ಲಿ ಅಮೆರಿಕದ ಕಿಟ್ ಪೀಕ್ ವೀಕ್ಷಣಾಲಯದಿಂದ ಖಗೋಳಜ್ಞರು ಇದನ್ನು ಕಂಡರು. ಅದೇ ಡಿಸೆಂಬರಿನ ಲೆಕ್ಕದಲ್ಲಿ ಈ ದಿನವೇ ಭೂಮಿಗೆ ಬಡಿಯುವ ಸಂಭವ ಶೇಕಡಾ 2.7ಕ್ಕೆ ಏರಿತ್ತು. ಹಳೆಯ ಚಿತ್ರಗಳಲ್ಲಿ ಅದರ ಜಾಡು ಸಿಕ್ಕಮೇಲೆ ಆ ಭಯ ಹೋಯಿತು. 2021ರ ಮಾರ್ಚ್‌ನಲ್ಲಿ ರೇಡಾರ್ ಅಳತೆ ಮಾಡಿ, ಇನ್ನು ನೂರು ವರ್ಷವಾದರೂ ಇದರಿಂದ ಅಪಾಯವಿಲ್ಲ ಎಂದರು.

ಬೆಳಗಿನ ಜಾವ 3 ಗಂಟೆ 16 ನಿಮಿಷಕ್ಕೆ ಕಲ್ಲು ಅತಿ ಹತ್ತಿರ, ನೆಲದಿಂದ ಸುಮಾರು 32,000 ಕಿಲೋಮೀಟರ್ ಎತ್ತರದಲ್ಲಿ. ಮಾಳಿಗೆ ಮಾಳಿಗೆಯ ಮೇಲೂ ಕನ್ನಡ ವಾಹಿನಿ ಹಿಡಿಯುವ ಡಿಶ್‌ಗಳಿವೆಯಲ್ಲ, ಅವು ಮುಖ ಮಾಡಿರುವ ಉಪಗ್ರಹಗಳು ಇರುವುದು ಸುಮಾರು 36,000 ಕಿಲೋಮೀಟರ್ ಮೇಲೆ. ಅವುಗಳಿಗಿಂತ ಒಳಗಿಂದ ಹಾಯುತ್ತದೆ! ಆದರೆ ನಮಗೆ ಕಾಣುವುದಿಲ್ಲ. ಆ ಹೊತ್ತಿಗೆ ಅದು ಅಟ್ಲಾಂಟಿಕ್ ಸಾಗರದ ಮೇಲೆ, ನಮ್ಮ ದಿಗಂತದ ಕೆಳಗೆ.

ನಿಜವಾದ ಕೆಲಸ ನಡೆಯುವುದೂ ಆಗಲೇ. ಈವರೆಗೆ ಸುಮಾರು 324 ದಿನಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತಿದ್ದ ಕಲ್ಲನ್ನು ಭೂಮಿಯ ಸೆಳೆತ ಹೊರಕ್ಕೆ ತಿರುಗಿಸಿಬಿಡುತ್ತದೆ. ಅದರ ಸುತ್ತು ನಮ್ಮ ವರ್ಷಕ್ಕಿಂತ ಉದ್ದವಾಗುತ್ತದೆ. ವರ್ಷಕ್ಕಿಂತ ಕಿರಿದಾದ ಸುತ್ತಿನ ಏಟನ್ ಗುಂಪಿನಲ್ಲಿದ್ದದ್ದು ಉದ್ದ ಸುತ್ತಿನ ಅಪೊಲೊ ಗುಂಪಿಗೆ ಸೇರುತ್ತದೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ಸೀಮೆಗೂ ಹೀಗೆ ಗುಂಪು ಬದಲಾಗುವ ಒಂದು ರಾತ್ರಿ ಬಂದಿತ್ತು: ಬೀದರ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡ, ಗುಲಬರ್ಗದ ತಾಂಡೂರು ಬೆಳಗಾಗುವಷ್ಟರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿದ್ದವು. ಇಲ್ಲಿ ಊರು ಕದಲಿರಲಿಲ್ಲ, ಗೆರೆ ಸರಿದಿತ್ತು. ಕಲ್ಲಿನ ವಿಷಯದಲ್ಲಿ ಗೆರೆ ಅಲ್ಲೇ ಇದೆ, ಕಲ್ಲೇ ದಾಟುತ್ತದೆ.

ಹೋದ ಕಲ್ಲಿನ ಬೆನ್ನಿಗೆ ನೌಕೆಯೂ ಬೀಳಲಿದೆ. 2023ರಲ್ಲಿ ಬೆನ್ನು ಎಂಬ ಕ್ಷುದ್ರಗ್ರಹದ ಮಣ್ಣನ್ನು ಭೂಮಿಗೆ ತಂದಿಳಿಸಿದ ನಾಸಾದ ನೌಕೆಯೇ ಈಗ ಒಸೈರಿಸ್-ಅಪೆಕ್ಸ್ ಎಂಬ ಹೊಸ ಹೆಸರಿನಲ್ಲಿ ಅತ್ತ ಹೊರಟಿದೆ. ಭೂಮಿಯ ಎಳೆತಕ್ಕೆ ಕಲ್ಲಿನ ಮೈಮೇಲಿನ ಹುಡಿ ಜಾರಿತೇ, ಅದು ತಿರುಗುವ ಬಗೆ ಬದಲಾಯಿತೇ ಎಂದು ಹತ್ತಿರ ಹೋಗಿ ನೋಡುವುದು ಅದರ ಕೆಲಸ.